ಹೆಸರು ಬಿದ್ದ ಕೊಡ

ನನ್ನ ಹೆಸರು ಮೊದಲ ಸಲ ಬಿದ್ದದ್ದು ಪತ್ರಿಕೆಯಲ್ಲಲ್ಲ, ಒಂದು ಸ್ಟೀಲ್ ಕೊಡದ ಮೇಲೆ. ಹಾಕಿಸಿದವಳು ನಮ್ಮಮ್ಮ. ಈಗ ನೆನೆದರೆ ನಗು ಬರುತ್ತದೆ. ಅವತ್ತು ಮಾತ್ರ ಮೈಯೆಲ್ಲ ಉರಿದುಹೋಗಿತ್ತು.

ಅದು ಎರಡು ಸಾವಿರದ ಐದನೇ ಇಸವಿ. ತಮಿಳುನಾಡಿಗೆ ಸೇರಿದ ಹೊಸೂರಿನ ಕಾಲೇಜಿನಲ್ಲಿ ಡಿಗ್ರಿ ಮುಗಿಸಿ ಜೂಜುವಾಡಿಯ ನಮ್ಮ ಬಾಡಿಗೆ ಮನೆಯಲ್ಲಿ ಕೂತಿದ್ದೆ. ನಮ್ಮಪ್ಪ ಮರಿಸ್ವಾಮಿ ಮಾಗಡಿ ಕಡೆಯಿಂದ ಬಂದು ಇಲ್ಲಿನ ಒಂದು ಫ್ಯಾಕ್ಟರಿಯಲ್ಲಿ ಲೇತ್ ಮೆಷಿನ್ ಮುಂದೆ ನಿಂತವರು, ನಿಂತೇ ಇದ್ದರು. ಶಿಫ್ಟ್ ಮುಗಿಸಿ ಬರುವಾಗ ಅಂಗಡಿಯಿಂದ ಕನ್ನಡ ಪತ್ರಿಕೆ ತರುತ್ತಿದ್ದರು. ಓದುವವಳು ನಾನು, ಕಾಲು ಚಾಚಿ ಕೇಳುವವರು ಅವರು. ಡೆಂಕಣಿಕೋಟೆಯಲ್ಲಿ ಆನೆ ರಾಗಿ ಹೊಲಕ್ಕೆ ನುಗ್ಗಿತು ಅಂತ ಓದಿದರೂ ಸರಿ, ಮಂತ್ರಿಗಳು ಸೇತುವೆ ಉದ್ಘಾಟಿಸಿದರು ಅಂತ ಓದಿದರೂ ಸರಿ, ಕೊನೆಗೆ ಒಂದೇ ಪ್ರಶ್ನೆ.

"ಇದು ನಿಜವೇನಮ್ಮಿ?"

"ಪೇಪರ್‌ನಾಗೆ ಬಂದೈತಲ್ಲಪ್ಪ."

"ಅದ್ಕೇ ಕೇಳ್ತಿರೋದು."

ಚಿಕ್ಕಂದಿನಲ್ಲಿ ಆ ಮಾತಿಗೆ ನಗುತ್ತಿದ್ದೆ. ದೊಡ್ಡವಳಾದ ಮೇಲೆ ಅದು ತಲೆಯಲ್ಲಿ ಕೂತುಬಿಟ್ಟಿತು. ಪತ್ರಿಕೆಗೆ ಬರೆಯಬೇಕು, ನಾನು ಬರೆದದ್ದನ್ನು ಓದಿದಾಗ ಅಪ್ಪ ಆ ಪ್ರಶ್ನೆ ಕೇಳಬಾರದು. ನನ್ನ ಆಸೆ ಇಷ್ಟೇ. ಬೇರೆಯವರು ಕೇಳಿದಾಗ ಸಮಾಜ ಸೇವೆ ಅದೂ ಇದೂ ಅಂತ ಹೇಳುತ್ತಿದ್ದೆ, ಏಕೆಂದರೆ ಅಪ್ಪನ ಬಾಯಿ ಮುಚ್ಚಿಸುವುದಕ್ಕೆ ಅಂತ ಹೇಳಿದರೆ ಚೆನ್ನಾಗಿರುವುದಿಲ್ಲ.

ಹೊಸೂರು ಬಸ್‌ಸ್ಟ್ಯಾಂಡಿನ ಎದುರು ಶ್ಯಾಮಣ್ಣನವರ ಜೆರಾಕ್ಸ್ ಅಂಗಡಿ. ಬೆಂಗಳೂರಿನ ಪತ್ರಿಕೆಯೊಂದಕ್ಕೆ ಅವರೇ ಏಜೆಂಟರು, ಅವರೇ ಜಾಹೀರಾತು ತರುವವರು, ಅವರೇ ವರದಿಗಾರರು. ಸುದ್ದಿ ಬರೆದು ಕವರಿನಲ್ಲಿ ಹಾಕಿ, ಸಂಜೆ ಬೆಂಗಳೂರು ಬಸ್ಸಿನ ಡ್ರೈವರ್ ಕೈಗೆ ಕೊಟ್ಟರೆ ಆ ಕಡೆ ಆಫೀಸಿನವರು ಬಂದು ಇಸಿದುಕೊಳ್ಳುತ್ತಿದ್ದರು. ವಯಸ್ಸಾಯಿತು, ಓಡಾಡಲು ಆಗುವುದಿಲ್ಲ ಅಂತ ಅವರು ನನ್ನನ್ನು ಸೇರಿಸಿಕೊಂಡರು.

"ಕೆಲವು ದಿನ ಬರಿಯಮ್ಮ. ಬೆಂಗ್ಳೂರಿನೋರಿಗೆ ಹಿಡಿಸಿದ್ರೆ ನಿನ್ನೇ ವರದಿಗಾರ್ತಿ ಮಾಡ್ಕಂತಾರೆ. ಹಿಡಿಸ್ನಿಲ್ವಾ, ಜೆರಾಕ್ಸ್ ಮಾಡಾದ್ ಕಲ್ತ್ಕೊ."

ನಾನು ಕುಡಿಯುವ ನೀರಿನ ಬಗ್ಗೆ ಬರೆದೆ, ಗಡಿಯಲ್ಲಿ ನಿಂತ ಲಾರಿಗಳ ಬಗ್ಗೆ ಬರೆದೆ, ರಾಯಕೋಟೆ ಬಸ್ಸು ಹೊತ್ತಿಗೆ ಬಾರದ ಬಗ್ಗೆ ಬರೆದೆ. ಕೆಲವು ಬಂದವು, ಕೆಲವು ಬರಲಿಲ್ಲ. ಬಂದದ್ದರ ಮೇಲೂ ನನ್ನ ಹೆಸರಿರಲಿಲ್ಲ. 'ಹೊಸೂರು ವರದಿಗಾರರಿಂದ' ಅಂತ ಇರುತ್ತಿತ್ತು. ಅಮ್ಮ ಪ್ರತಿ ಸಲ ಕನ್ನಡಕ ಹಾಕಿಕೊಂಡು ಮೂಲೆ ಮೂಲೆ ಹುಡುಕಿ, "ಎಲ್ಲೈತೆ ನಿನ್ನೆಸ್ರು?" ಅಂತ ಮುಖ ಸಪ್ಪಗೆ ಮಾಡಿಕೊಳ್ಳುತ್ತಿದ್ದಳು.

ಆಗ ಬಂತು ಮುನಿರತ್ನನವರ ಲೇಔಟ್. ಹೊಸೂರು ಬಜಾರಿನಲ್ಲಿ ಅವರದು ದೊಡ್ಡ ಪಾತ್ರೆ ಅಂಗಡಿ. ಎಲ್ಲರೂ ಜಮೀನು ಕೊಂಡು ಸೈಟು ಮಾಡುತ್ತಿದ್ದ ಕಾಲ, ಅವರಿಗೂ ಆಸೆ ಹತ್ತಿತು. ರಾಯಕೋಟೆ ರಸ್ತೆಯಲ್ಲಿ ಜಮೀನು ತೆಗೆದುಕೊಂಡು, ಹಳದಿ ಬಳಿದ ಕಲ್ಲು ನೆಟ್ಟು, ಭೂಮಿಪೂಜೆಗೆ ಊರಿನ ಪತ್ರಕರ್ತರನ್ನೆಲ್ಲ ಕರೆದರು. ಶ್ಯಾಮಣ್ಣನವರ ಜೊತೆ ನಾನೂ ಹೋದೆ.

ಶಾಮಿಯಾನದಲ್ಲಿ ಭಾಷಣ ಶುರುವಾಯಿತು. ತಮಿಳಿನಲ್ಲಿ ಒಬ್ಬರು, ತೆಲುಗಿನಲ್ಲಿ ಒಬ್ಬರು ಹೊಗಳಿದರು. ಕನ್ನಡದ ಸರದಿ ಬರುವ ಮುಂಚೆ ನಾನು ಎದ್ದು ರಸ್ತೆ ಕಡೆ ನಡೆದೆ. ಭಾಷಣ ಕೇಳುತ್ತಾ ಕೂರುವುದು ನನ್ನ ಜಾಯಮಾನಕ್ಕೆ ಆಗಿಬರುವುದಿಲ್ಲ. ರಸ್ತೆಯ ಅಡಿಯಲ್ಲಿ ಒಂದು ಹಳೇ ಮೋರಿ ಕಂಡಿತು. ಒಳ್ಳೆ ಕಲ್ಲು ಕಟ್ಟಡ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲ. ಆದರೆ ಲೇಔಟ್ ಕಡೆಯ ಬಾಯಿಗೆ ಕೆಮ್ಮಣ್ಣು ತುಂಬಿತ್ತು. ರಸ್ತೆ ಮಾಡಿದವರು ಸುಮ್ಮನೆ ಹೊಲದ ಮಧ್ಯೆ ಮೋರಿ ಯಾಕೆ ಕಟ್ಟುತ್ತಾರೆ ಅನ್ನಿಸಿತು.

ಕೆಳಗಿನ ಹೊಲದಲ್ಲಿ ಹುಲ್ಲು ಕೊಯ್ಯುತ್ತಿದ್ದ ನರಸಮ್ಮನನ್ನು ಕೇಳಿದೆ.

"ಅದಾ? ಕೆರೆ ತುಂಬಿ ಕೋಡಿ ಬಿದ್ರೆ ನೀರು ಬರೋ ಕಾಲ್ವೆ ಕಣಮ್ಮ. ಆ ಹಳದಿ ಕಲ್ಲು ನೆಟ್ಟವ್ರಲ್ಲ, ಅದ್ರ ಮೇಲೇ. ಇಲ್ಲಿ ಹರಿದು ನಮ್ಮ ಹೊಲದ ಪಕ್ಕ ಹೋಯ್ತಿತ್ತು. ಈಗ ಮುಚ್ಚಾಕವ್ರೆ."

"ಮಳೆ ಬಂದ್ರೆ?"

"ಮನೆ ಕಟ್ಕಂಡೋರ್ ಮನೆ ಒಳೀಕೆ ಬತ್ತದೆ. ನೀರಿಗೇನ್ ಗೊತ್ತು, ಇದು ಮುನಿರತ್ನಪ್ಪನ ಲೇಔಟು ಅಂತ?"

ನಾನು ಅವಳ ಜೊತೆ ಕೆರೆಯ ಕೋಡಿಯವರೆಗೆ ನಡೆದು ಹೋಗಿ, ಅಲ್ಲಿಂದ ಮೋರಿಯವರೆಗೆ ಕಾಲುವೆಯ ಜಾಡು ಹಿಡಿದು ವಾಪಸು ಬಂದೆ. ಮೇಲೆ ಕಾಲುವೆ ಇತ್ತು, ಕೆಳಗೆ ನರಸಮ್ಮನ ಹೊಲದ ಪಕ್ಕವೂ ಇತ್ತು. ಮಧ್ಯೆ ಲೇಔಟಿನಲ್ಲಿ ಮಾತ್ರ ಇರಲಿಲ್ಲ. ಅಷ್ಟರಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು, ಊಟವೂ ಮುಗಿದಿತ್ತು. ಪಾಯಸ ತಪ್ಪಿಹೋಯಿತು ಅಂತ ಬೇಜಾರಾದದ್ದು ನಿಜ. ಆದರೂ ಬಸ್ಸಿನಲ್ಲಿ ಕೂತಾಗ ನನ್ನಷ್ಟು ಖುಷಿಯವರು ಆ ಬಸ್ಸಿನಲ್ಲಿ ಯಾರೂ ಇರಲಿಲ್ಲ. ನನಗೆ ನನ್ನದೇ ಆದ ಒಂದು ಸುದ್ದಿ ಸಿಕ್ಕಿತ್ತು.

ಮಾರನೇ ದಿನ ಆ ಊರಿನ ಗ್ರಾಮಾಧಿಕಾರಿಯನ್ನು ಹುಡುಕಿ ಹೋದೆ. ಅವರು ಊರಿನ ನಕ್ಷೆ ಬಿಡಿಸಿ, ಹೌದು, ಕಾಲುವೆ ಇದೆ, ಅಳತೆಯವರು ಬಂದು ನೋಡಬೇಕು ಅಂದರು. ಊರಿನ ಇನ್ನೂ ಕೆಲವರನ್ನು ಮಾತಾಡಿಸಿದೆ. ಸಂಜೆ ಮನೆಗೆ ಬಂದರೆ ಅಡುಗೆಮನೆಯ ಕಟ್ಟೆ ಮೇಲೆ ಒಂದು ಹೊಸ ಸ್ಟೀಲ್ ಕೊಡ. ಅರಿಶಿನ ಕುಂಕುಮ ಬೇರೆ ಹಚ್ಚಿತ್ತು.

"ಏನಮ್ಮಾ ಇದು?"

"ನಿಂದೇ ಕಣೇ. ಶ್ಯಾಮಣ್ಣೋರು ಅತ್ತಿಬೆಲೆಗೆ ಹೋಗ್ತಾ ಕೊಟ್ಟು ಹೋದ್ರು. ಲೇಔಟ್ ಪೂಜೇಲಿ ಪೇಪರ್‌ನೋರಿಗೆಲ್ಲ ಕೊಟ್ರಂತೆ, ನಿನ್ನ ಪಾಲಿನ್ದು ಇದು. ಹೆಂಗೈತೆ ಭಾರ ನೋಡು!"

"ಇದನ್ನ ನಾಳೆನೇ ವಾಪಸ್ ಕೊಡ್ಬೇಕು" ಅಂತ ಎತ್ತಿಕೊಂಡೆ. ಎತ್ತಿಕೊಂಡಾಗ ಕೊಡದ ಹೆಗಲ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ ಕಂಡವು. 'ಸಿಂಧು, ಪೇಪರ್ ರಿಪೋರ್ಟರ್, ಜೂಜುವಾಡಿ.' ಕೆಳಗೆ ಅದೇ ಮಾತು ತಮಿಳಿನಲ್ಲಿ.

ನಮ್ಮ ಹೆಂಗಸರಿಗೆ ಹೊಸ ಪಾತ್ರೆ ಬಂದರೆ ಹೆಸರು ಹಾಕಿಸುವ ತನಕ ಅನ್ನ ಇಳಿಯುವುದಿಲ್ಲ. ಮದುವೆ ಮನೆಗೆ ಹೋದ ಪಾತ್ರೆ ತಿರುಗಿ ಬರಬೇಕಲ್ಲ. ಶ್ಯಾಮಣ್ಣನವರು ಅತ್ತ ಹೋಗುತ್ತಲೇ ಅಮ್ಮ ಟೌನ್ ಬಸ್ ಹತ್ತಿ, ಬಿಟ್ಟಿಯಾಗಿ ಹೆಸರು ಹಾಕಿಕೊಡುತ್ತಾರೆ ಅಂತ ನೇರವಾಗಿ ಮುನಿರತ್ನನವರ ಅಂಗಡಿಗೇ ಹೋಗಿದ್ದಳು. ಅವರದೇ ಕೊಡ, ಅವರದೇ ಮೆಷಿನ್, ನನ್ನ ಹೆಸರು!

"ಯಾರ್ ಹೇಳಿದ್ರಮ್ಮ ನಿಂಗೆ ಹೆಸರು ಹಾಕ್ಸು ಅಂತ? ನಾನಿನ್ನೂ ರಿಪೋರ್ಟರೇ ಆಗಿಲ್ಲ! ಅವ್ರ ಮೇಲೆ ನಾನು ಬರೀಬೇಕು ಅಂತಿದೀನಿ, ನೀನು ಅವ್ರ ಕೊಡಕ್ಕೆ ಕುಂಕುಮ ಹಚ್ಕಂಡು ಕೂತಿದೀಯ!"

ಬೀದಿಗೆ ಕೇಳುವಷ್ಟು ಕೂಗಾಡಿದೆ. ನನ್ನ ಸಿಟ್ಟು ಹಾಗೆಯೇ, ಬಂದರೆ ಅಕ್ಕಪಕ್ಕದವರಿಗೆಲ್ಲ ಪುಕ್ಕಟೆ. ಅಮ್ಮ ಸೆರಗಿನಲ್ಲಿ ಕೊಡ ಒರೆಸುತ್ತಾ ನಿಂತಿದ್ದಳು.

"ನಿಮ್ಮಪ್ಪ ಇಷ್ಟ್ ವರ್ಷ ದುಡಿದ್ರು. ಫ್ಯಾಕ್ಟ್ರೀಲಿ ಅವ್ರಿಗೆ ನಂಬರ್ ಐತೆ, ಹೆಸರಿಲ್ಲ. ನಮ್ಮನೇಲಿ ಒಬ್ರ ಹೆಸರು ಮುಂದೆ ಒಂದು ಕೆಲ್ಸ ಅಂತ ಬಿದ್ದಿದ್ದು ಇದೇ ಮೊದ್ಲು ಕಣೇ. ಪೇಪರ್‌ನೋರು ಹಾಕ್ನಿಲ್ಲ. ನಾನ್ ಹಾಕಿಸ್ದೆ."

ನನಗೆ ಅಳು ಬಂತು. ಅದನ್ನು ತೋರಿಸಿಕೊಳ್ಳದೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ.

ಬೆಳಿಗ್ಗೆ ಶ್ಯಾಮಣ್ಣನವರ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಅವರು ಜೆರಾಕ್ಸ್ ಮೆಷಿನ್ ನಿಲ್ಲಿಸಿ ಪೂರ್ತಿ ಕೇಳಿದರು.

"ಸುದ್ದಿ ಗಟ್ಟಿಯಾಗೈತೆ. ನಾನು ಬರೆಯಾಕಾಗಲ್ಲ ಕಣಮ್ಮ. ನಮ್ಮನೆ ಗೋಡೆ ಮ್ಯಾಲೆ ಅವ್ರು ಕೊಟ್ಟ ಗಡಿಯಾರ ಓಡ್ತಾ ಐತೆ. ಹೋದ ಪೊಂಗಲ್‌ಗೆ ಕೊಟ್ಟಿದ್ದು."

"ನಾನ್ ಬರೀತೀನಿ ಸಾರ್."

"ಬರಿ. ಆದ್ರೆ ಕೊಡ ನಿಮ್ಮನೇಲಿರಾವರ್ಗೂ ಬರೀಬ್ಯಾಡ. ನಾಳೆ ಅವ್ರು ಬೆಂಗ್ಳೂರಿಗೆ ಫೋನ್ ಮಾಡಿ, ನಿಮ್ಮುಡುಗಿ ನನ್ನ ಕೊಡ ಇಸ್ಕಂಡು, ನನ್ನಂಗ್ಡೀಲೇ ಹೆಸರು ಹಾಕಿಸ್ಕಂಡು, ನನ್ ಮೇಲೇ ಬರ್ದವಳೆ ಅಂದ್ರೆ, ನೀನು ವರದಿಗಾರ್ತಿ ಆಗಾದು ಅಲ್ಲಿಗೇ ಮುಗೀತು. ಕಾಲ್ವೆ ವಿಷ್ಯನೂ ಮುಗೀತು. ಕೊಡದ ಮಾತೊಂದೇ ಉಳಿಯೋದು."

ಅವರು ಹೇಳಿದ್ದು ಸರಿ. ಆದರೆ ಹೆಸರು ಕೊರೆದ ಕೊಡವನ್ನು ವಾಪಸು ಕೊಡುವುದು ಹೇಗೆ? ಉಜ್ಜಿ ಅಳಿಸೋಣ ಅಂದರೆ ಅದು ಬಣ್ಣವಲ್ಲ, ಸ್ಟೀಲಿನೊಳಗೇ ಇಳಿದಿರುವ ಚುಕ್ಕಿ. ಅಂಥದ್ದೇ ಇನ್ನೊಂದು ಕೊಂಡು ಕೊಡೋಣ ಅಂದರೆ, ಹೆಸರಿದ್ದ ಕೊಡ ನಮ್ಮ ಮನೆಯಲ್ಲೇ ಉಳಿಯುತ್ತಿತ್ತು. ಹೇಗೆ ತಿರುಗಿಸಿದರೂ ನಾನು ಅದನ್ನೇ ಹೊತ್ತು ಬಜಾರಿಗೆ ಹೋಗಬೇಕಿತ್ತು.

ಸಂಜೆ ಅಪ್ಪನಿಗೆ ಹೇಳಿದೆ. ಅವರು ಕೊಡವನ್ನು ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಕೇಳಿದರು.

"ಕಾಲ್ವೆ ವಿಷ್ಯ ನಿಜವೇನಮ್ಮಿ?"

"ಕೋಡಿಯಿಂದ ಮೋರಿವರ್ಗೂ ನಾನೇ ನಡೆದು ನೋಡಿದೀನಪ್ಪ."

"ಹಂಗಾರೆ ಕೊಟ್ಬುಡು."

ಅಮ್ಮ ಒಳಗಿನಿಂದ ಅಂದಳು. "ನಾನೂ ಬತ್ತೀನಿ. ಹೆಸರು ಹಾಕ್ಸಿದ್ದು ನಾನು."

ಮಾರನೇ ದಿನ ಬಜಾರಿನಲ್ಲಿ ಬಸ್ಸಿಳಿದ ಮೇಲೆ ಅಮ್ಮ ಇನ್ನೊಂದು ತಕರಾರು ತೆಗೆದಳು. ಖಾಲಿ ಕೊಡ ಹಿಡಿದು ಒಬ್ಬರ ವ್ಯಾಪಾರದ ಜಾಗಕ್ಕೆ ಹೋಗುವುದಾ, ಅಪಶಕುನ, ಅವರೆಷ್ಟೇ ಕೆಟ್ಟವರಿರಲಿ, ನಾವು ಹಾಗೆ ಮಾಡಬಾರದು. ಏನಾದರೂ ತುಂಬಿಯೇ ಕೊಡಬೇಕು. ಒಂದಿಷ್ಟು ರಾಗಿಯೋ ಅಕ್ಕಿಯೋ ಹಾಕೋಣ ಅಂದಳು. "ಆಗ ನಾವೇ ಅವ್ರಿಗೆ ಲಂಚ ಕೊಟ್ಟಂಗಾಯ್ತದೆ" ಅಂತ ನಾನು ಹಲ್ಲು ಕಚ್ಚಿದೆ. ಬೀದಿಯಲ್ಲಿ ನಿಂತು ಜಗಳ ಆಡಿ, ಕೊನೆಗೆ ಬೀದಿ ನಲ್ಲಿಯಲ್ಲಿ ನೀರು ತುಂಬಿಸುವುದು ಅಂತ ರಾಜಿಯಾಯಿತು. ಅಮ್ಮ ತುಂಬಿದ ಕೊಡವನ್ನು ಸೊಂಟಕ್ಕಿಟ್ಟು ಮುಂದೆ ನಡೆದಳು. ಹಿಂದೆ ನಾನು, ಪೆನ್ನು ಹಿಡಿದು.

ಮುನಿರತ್ನನವರು ಅಂಗಡಿಯ ಬಾಗಿಲಲ್ಲೇ ಇದ್ದರು. ತುಂಬಿದ ಕೊಡ ಎದುರಿಗೆ ಬಂದದ್ದು ಕಂಡು ಅಭ್ಯಾಸಬಲದಿಂದ ಎರಡೂ ಕೈ ಮುಗಿದರು. ಕೈ ಮುಗಿದವರಿಗೆ ತಕ್ಷಣ ಸಿಟ್ಟಾಗುವುದು ಕಷ್ಟ. ಅಷ್ಟು ಹೊತ್ತು ನಮಗೆ ಸಿಕ್ಕಿತು.

"ಅಣ್ಣಾ, ಇದು ನೀವು ಕೊಟ್ಟಿದ್ದು. ನನ್ ಮಗಳು ತಗಣಂಗಿಲ್ವಂತೆ. ನಂಗ್ ಗೊತ್ತಿರ್ನಿಲ್ಲ" ಅಂದಳು ಅಮ್ಮ.

ಅವರು ಕೊಡದ ಮೇಲಿನ ಹೆಸರು ಓದಿದರು. "ಏನಮ್ಮಾ ಇದು? ಹೆಸರು ಬಿದ್ದಿರೋ ಪಾತ್ರೆ ನಾನ್ ಯಾರಿಗ್ ಮಾರ್ಲಿ? ಯಾರ್ ತಗಂತಾರೆ?"

"ಮಾರ್ಬ್ಯಾಡಿ. ನೀರು ಇಟ್ಕಳಿ."

ಆಗ ನಾನು ಮುಂದೆ ಬಂದು ಕೇಳಿದೆ. "ಸಾರ್, ನಿಮ್ಮ ಲೇಔಟಲ್ಲಿ ಕೆರೆ ಕಾಲ್ವೆ ಮುಚ್ಚಿದಾರೆ ಅಂತ ಬರೀತಿದೀನಿ. ನೀವೇನ್ ಹೇಳ್ತೀರ ಅದನ್ನೂ ಬರೀಬೇಕು."

ಅವರ ಮುಖ ಕೆಂಪಾಯಿತು. "ಅದು ಕಾಲ್ವೆ ಅಲ್ಲ, ತಗ್ಗು. ಅದ್ರಾಗೆ ನೀರು ಹರಿದಿದ್ದು ಯಾರ್ ನೋಡವ್ರೆ? ಬರ್ಕೊ!"

ಬರೆದುಕೊಂಡು, ಅವರಿಗೇ ಓದಿ ಹೇಳಿದೆ. ಸರಿಯಾಗಿದೆಯಾ ಅಂತ ಕೇಳಿದೆ. ಅದು ಅವರನ್ನು ಇನ್ನೂ ಕೆರಳಿಸಿತು.

"ಹಾಕ್ಕೊ ಹೋಗಮ್ಮ! ಕನ್ನಡ ಪೇಪರ್ ತಾನೇ? ನನ್ ಸೈಟ್ ತಗಣೋರೆಲ್ಲ ತಮಿಳು ಓದೋರು. ನಿಂದನ್ನ ಯಾರ್ ಓದ್ತಾರೆ?"

ಆ ರಾತ್ರಿಯ ಊಟಕ್ಕೆ ಮುಂಚೆಯೇ ಸುದ್ದಿ ಬರೆದು ಮುಗಿಸಿದೆ. ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ಭೂಮಿಪೂಜೆಯ ದಿನ ಈ ವರದಿಗಾರ್ತಿಗೂ ಒಂದು ಸ್ಟೀಲ್ ಕೊಡ ಕೊಡಲಾಗಿತ್ತು, ಅದನ್ನು ವಾಪಸು ಮಾಡಲಾಗಿದೆ. ಮರುದಿನ ಶ್ಯಾಮಣ್ಣನವರು ಅದನ್ನು ಓದಿ ನಕ್ಕರು, ಒಂದಕ್ಷರ ತಿದ್ದದೆ ಕವರಿಗೆ ಹಾಕಿ ತಾವೇ ಬಸ್ಸಿನವರೆಗೆ ಬಂದು ಡ್ರೈವರ್ ಕೈಗೆ ಕೊಟ್ಟರು.

ಸುದ್ದಿ ಒಳಪುಟದ ಮೂಲೆಯಲ್ಲಿ ಬಂತು. ಕೊಡದ ಸಾಲನ್ನು ಕತ್ತರಿಸಿದ್ದರು. ಮೇಲೆ ಎಂದಿನಂತೆ 'ಹೊಸೂರು ವರದಿಗಾರರಿಂದ'. ಅಪ್ಪ ಶಿಫ್ಟ್ ಮುಗಿಸಿ ಬಂದು ಕಾಲು ಚಾಚಿ ಕೂತರು. ಓದಿದೆ. ಓದಿ ಮುಗಿಸಿ ಪತ್ರಿಕೆ ಮಡಚದೆ ಕಾದೆ. ಅವರು ಕೇಳಲಿಲ್ಲ.

"ಇನ್ನೊಂದ್ಸಲ ಓದು" ಅಂದರು.

ಇಷ್ಟು ವರ್ಷದಲ್ಲಿ ನನಗೆ ಅಷ್ಟು ಸಂತೋಷ ಕೊಟ್ಟ ಮಾತು ಬೇರೆ ಇಲ್ಲ. ಆ ವಾರವೇ ಬೆಂಗಳೂರಿನವರು ಫೋನ್ ಮಾಡಿ, ಆ ಹುಡುಗಿಯೇ ಹೊಸೂರಿಗೆ ಬರೆಯಲಿ ಅಂದರಂತೆ. ಶ್ಯಾಮಣ್ಣನವರು ಲೇಔಟಿನ ಜಾಹೀರಾತು ತಪ್ಪಿತು ಅಂತ ಒಂದಿಷ್ಟು ಗೊಣಗಿ, ತಾವೇ ಕಾಫಿ ಕೊಡಿಸಿದರು. ಅಮ್ಮ ಮಾತ್ರ ಪತ್ರಿಕೆಯ ಮೂಲೆಯಲ್ಲಿ ಇನ್ನೂ ಹೆಸರು ಹುಡುಕುತ್ತಲೇ ಇದ್ದಳು.

ಆದರೆ ಲೇಔಟಿನಲ್ಲಿ ಏನೂ ಆಗಲಿಲ್ಲ. ಅಳತೆಯವರು ಬರುತ್ತಾರೆ ಅಂದರು, ಬರಲಿಲ್ಲ. ಹಳದಿ ಕಲ್ಲುಗಳು ಹಾಗೆಯೇ ಇದ್ದವು. ಮುನಿರತ್ನನವರು ಹೇಳಿದ್ದೇ ಸರಿ, ನನ್ನ ಸುದ್ದಿ ಓದಬೇಕಾದವರು ಓದಿರಲಿಲ್ಲ. ವರದಿಗಾರ್ತಿ ಆದೆ ಅನ್ನುವ ಖುಷಿಯ ಒಳಗೆ ಅದೊಂದು ಮುಳ್ಳು ಉಳಿದುಬಿಟ್ಟಿತು.

ದೀಪಾವಳಿ ಹೊತ್ತಿನ ಐಪ್ಪಸಿ ಮಳೆ ಹಿಡಿದ ಮೇಲೆ, ಕಾಲುವೆ ನೀರು ಯಾರ ಸೈಟಿಗೆ ನುಗ್ಗಿದೆಯೋ ನೋಡಿ ಬರೋಣ ಅಂತ ಒಂದು ಮಧ್ಯಾಹ್ನ ಅತ್ತ ಹೋದೆ. ಲೇಔಟಿನ ಬಾಗಿಲಲ್ಲಿ ಒಂದು ತಗಡಿನ ಶೆಡ್ಡು, ಅದೇ ಆಫೀಸು. ಕಾವಲಿನ ತಾತ ಚಿಕ್ಕಮುನಿಯಪ್ಪ ಒಬ್ಬನೇ ಕೂತಿದ್ದ.

"ಸೈಟ್ ನೋಡಕ್ ಬಂದ್ಯಾ ತಾಯಿ? ಬಾ, ನೀರ್ ಕುಡಿ."

ಅವನು ಸ್ಟೂಲಿನ ಮೇಲಿದ್ದ ಕೊಡವನ್ನು ಬಗ್ಗಿಸಿದ. ಫಳಫಳ ಉಜ್ಜಿದ ಸ್ಟೀಲ್ ಕೊಡ. ಬಂದವರ ಕಡೆಗೇ ಮುಖ ಮಾಡಿದ್ದ ನನ್ನ ಹೆಸರು. ಲೋಟ ನನ್ನ ಕೈಯಲ್ಲೇ ಉಳಿಯಿತು.

"ಯಾರು ತಾತ ಈ ಸಿಂಧು?" ಅಂದೆ. ಅಷ್ಟು ಸುಲಭವಾಗಿ ನನ್ನ ಬಾಯಲ್ಲಿ ಅದು ಹೇಗೆ ಬಂತೋ.

"ನೀನೂ ಕೇಳಿದ್ಯಾ? ಬಂದೋರೆಲ್ಲ ನೀರ್ ಕುಡಿವಾಗ ಅದನ್ನೇ ಓದಿ ಕೇಳ್ತಾರೆ. ನಂಗೆ ಓದಾಕ್ ಬರಲ್ಲ, ಅಂಗ್ಡಿ ಹುಡುಗ್ರು ಹೇಳಿದ್ದು ಹೇಳ್ತೀನಿ. ಪೇಪರ್‌ನಾಗೆ ಬರಿಯೋ ಯಮ್ಮ. ಅಣ್ಣ ಕೊಟ್ಟ ಕೊಡ ನಂಗ್ ಬ್ಯಾಡ, ನಿಮ್ ಲೇಔಟ್‌ನಾಗೆ ಕಾಲ್ವೆ ಮುಚ್ಚಿದೀರ ಅಂತ ಅಂಗ್ಡೀಲೇ ಇಟ್ಬುಟ್ಟು ಹೋದ್ಲಂತೆ. ಹೆಸರು ಬಿದ್ದಿದ್ದು ಮಾರಾಕಾಗಲ್ಲ ಅಂತ ಅಣ್ಣ ಇಲ್ಲಿಗೆ ಕಳಿಸಿದ್ರು. ಬಲೇ ಹೆಂಗ್ಸು ಕಣಮ್ಮ. ಆರಡಿ ಎತ್ತರ, ಗಂಡ್ಸಿನ ಗಂಟ್ಲು!"

"ಬಂದೋರಿಗೆಲ್ಲ ಇದನ್ನ ಹೇಳ್ತೀಯ?"

"ಕೇಳಿದ್ರೆ ಹೇಳ್ದೆ ಇರಾಕಾಯ್ತದಾ? ಕೇಳಿದೋರು ಎಲ್ಲೈತೆ ಕಾಲ್ವೆ ಅಂತಾರೆ. ತೋರಿಸ್ತೀನಿ. ಆ ಸಾಲಿನ ಸೈಟು ಒಬ್ರೂ ತಗಣ್ನಿಲ್ಲ. ಅಣ್ಣಂಗೆ ವಿಷ್ಯ ಗೊತ್ತಾಗಿ ಬಂದು ಎಗರಾಡಿದ್ರು, ಬಿಸಾಕು ಕೊಡಾನ ಅಂದ್ರು. ತುಂಬಿದ್ ಕೊಡ ಬಿಸಾಕ್ತಾರಾ ಅಂದೆ. ಅವ್ರೂ ಸುಮ್ಕಾದ್ರು. ಕೊನೀಗೆ ಮಾರಿಹೋಗ್ದೆ ಇರೋ ಸೈಟ್ ಇಟ್ಕಂಡು ಏನ್ ಮಾಡ್ಲಿ ಅಂತ ಜೆಸಿಬಿ ತರ್ಸಿ ಮೋರಿ ಬಾಯಿ ಬಿಡಿಸಿ ಕಾಲ್ವೆ ತೋಡಿಸಿದ್ರು. ಹೋಗ್ ನೋಡು."

ಹೋಗಿ ನೋಡಿದೆ. ಆ ಸಾಲಿನ ಹಳದಿ ಕಲ್ಲುಗಳನ್ನು ಕಿತ್ತು ಒಂದು ಕಡೆ ರಾಶಿ ಹಾಕಿದ್ದರು. ಮೋರಿಯಿಂದ ಕೆಂಪು ನೀರು ಸದ್ದು ಮಾಡುತ್ತಾ ಇಳಿದು ಲೇಔಟಿನ ನಡುವೆ ಹರಿದು ನರಸಮ್ಮನ ಹೊಲದ ಪಕ್ಕಕ್ಕೆ ಹೋಗುತ್ತಿತ್ತು. ಒಬ್ಬಳೇ ನಿಂತು ಜೋರಾಗಿ ನಕ್ಕೆ. ನಾನು ಕನ್ನಡದಲ್ಲಿ ಬರೆದದ್ದು ಯಾರಿಗೂ ತಲುಪಿರಲಿಲ್ಲ. ಅಮ್ಮ ಎರಡು ಭಾಷೆಯಲ್ಲಿ ಕೊರೆಸಿದ್ದು ಎಲ್ಲರಿಗೂ ತಲುಪಿತ್ತು.

ಶೆಡ್ಡಿಗೆ ವಾಪಸು ಬಂದು ಇನ್ನೊಂದು ಲೋಟ ನೀರು ಕುಡಿದೆ.

"ತಾತ, ಆ ಸಿಂಧು ನಾನೇ."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನೋಡಲು ಜಾಸ್ತಿ ಹೊತ್ತು ಬೇಕಾಗಲಿಲ್ಲ, ನಾನಿರುವುದೇ ಅಷ್ಟು.

"ಅಯ್ಯೋ ಶಿವನೇ! ನಾನು ಎಲ್ಲಾರ್ಗೂ ಆರಡಿ ಅಂತ ಹೇಳ್ಬುಟ್ಟಿದೀನಲ್ಲಮ್ಮ!"

"ಅದು ಸುಳ್ಳು ತಾತ. ಇನ್ಮೇಲೆ ಕುಳ್ಳಗವಳೆ ಅಂತ ಹೇಳು. ಕೊಡ ವಾಪಸ್ ತಂದಿದ್ದು ಅವ್ರಮ್ಮ, ಹೆಸರು ಹಾಕ್ಸಿದ್ದೂ ಅವ್ರಮ್ಮ, ಅದನ್ನೂ ಸೇರಿಸ್ಕೊ."

ಅಷ್ಟರಲ್ಲಿ ಒಂದು ಬೈಕು ಬಂದು ನಿಂತಿತು. ಗಂಡ ಹೆಂಡತಿ, ಸೈಟು ನೋಡಲು ಬಂದವರು. ಆ ಹೆಂಗಸು ಲೋಟ ಹಿಡಿದು ಬಗ್ಗಿ, ತಮಿಳು ಅಕ್ಷರಗಳನ್ನು ಓದಿ, ಯಾರಿವರು ಅಂತ ಕೇಳಿದಳು. ತಾತ ನನ್ನ ಕಡೆ ಒಂದು ಸಲ ನೋಡಿ ಗಂಟಲು ಸರಿಮಾಡಿಕೊಂಡ. ನಾನು ಚಪ್ಪಲಿ ಮೆಟ್ಟಿಕೊಳ್ಳುವ ನೆಪದಲ್ಲಿ ಬಾಗಿಲಲ್ಲೇ ನಿಂತು, ಅವನು ಹರುಕು ಮುರುಕು ತಮಿಳಿನಲ್ಲಿ ಹೇಳುವುದನ್ನೆಲ್ಲ ಕೇಳಿಸಿಕೊಂಡೆ. ಪೇಪರಿಗೆ ಬರೆಯುವ ಹುಡುಗಿ, ಕುಳ್ಳಗಿದ್ದಾಳೆ, ಜೊತೆಗೆ ಅವಳ ತಾಯಿ ಬಂದಿದ್ದಳು, ತುಂಬಿದ ಕೊಡ ತಂದಿಟ್ಟು ಹೋದರು, ಕಾಲುವೆ ಅಗೋ ಅಲ್ಲಿ ಹರಿಯುತ್ತಿದೆ.

ಅವನು ಹೇಳಿದ್ದರಲ್ಲಿ ಈ ಸಲ ಒಂದು ಮಾತೂ ಸುಳ್ಳಿರಲಿಲ್ಲ. ಅಪ್ಪ ಕೇಳಿಸಿಕೊಂಡಿದ್ದರೆ ಇನ್ನೊಂದ್ಸಲ ಹೇಳು ಅನ್ನುತ್ತಿದ್ದರು.